‘ಒಂದೇ ಇಂಜೆಕ್ಷನ್‌ಗೆ ಕ್ಯಾನ್ಸರ್ ಮಾಯ’ ಮೆಸೇಜ್: ಅಡ್ವಾನ್ಸ್ ಕಟ್ಟೋ ಮುಂಚೆ ಇದನ್ನ ಓದಿ

ಚನ್ನಗಿರಿ: ಕಳೆದ ಕೆಲ ದಿನಗಳಿಂದ ತಾಲ್ಲೂಕಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತಾ ಇದೆ. ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ವೇದಿಕೆ ಮೇಲಿರೋ ಫೋಟೋ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಒಂದೇ ಇಂಜೆಕ್ಷನ್, ಎಲ್ಲಾ ಕ್ಯಾನ್ಸರ್ ಮಾಯ, ಈಗ ಬೆಂಗಳೂರಲ್ಲೇ ಲಭ್ಯ’ ಅನ್ನೋ ಸಾಲು. ಕೊನೆಗೊಂದು ಮೊಬೈಲ್ ನಂಬರ್. ಅಡಿಕೆ ರೇಟ್ ಹಾಕೋ ಗ್ರೂಪ್‌ನಲ್ಲೂ ಬಂತು, ವರ್ತಕರ ಗ್ರೂಪ್‌ನಲ್ಲೂ ಬಂತು, ನಮ್ಮ ಮನೆಯ ಫ್ಯಾಮಿಲಿ ಗ್ರೂಪ್‌ಗೂ ಬಂತು.

ಫಾರ್ವರ್ಡ್ ಮೆಸೇಜ್ ತಾನೆ, ಬಿಡು ಅಂತ ನಾನೂ ಸುಮ್ಮನಿದ್ದೆ. ಆದರೆ ಮೊನ್ನೆ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರೋ ಅಣ್ಣ ಒಬ್ಬರು ಕರೆದು, ಗಲ್ಲಾ ಪೆಟ್ಟಿಗೆ ಹಿಂದೆ ಕೂರಿಸಿಕೊಂಡು ಅದೇ ಮೆಸೇಜ್ ತೋರಿಸಿದರು. ‘ತಮ್ಮಾ, ನೀನು ನ್ಯೂಸ್‌ನೋನು. ಇದು ಖರೇನಾ ಸುಳ್ಳಾ ಹೇಳು. ನಮ್ಮ ಹೆಸರು ಮಾತ್ರ ಹಾಕಬೇಡ’ ಅಂದರು.

ಅವರ ತಮ್ಮನಿಗೆ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್. ಬೇಗ ಆಪರೇಷನ್ ಮಾಡಿಸಿ ಅಂತ ವೈದ್ಯರು ಹೇಳಿ ಐದು ವಾರ ಆಗಿದೆ. ಅಷ್ಟರಲ್ಲಿ ಈ ಮೆಸೇಜ್ ಬಂತು. ‘ಕೆನ್ನೆ ಕೊಯ್ಯೋದೇ ಬೇಡ, ಇಂಜೆಕ್ಷನ್‌ನಲ್ಲೇ ಹೋಗುತ್ತಂತಲ್ಲ’ ಅಂತ ಮನೆಯವರು ಆಪರೇಷನ್ ಮುಂದಕ್ಕೆ ಹಾಕಿದ್ದಾರೆ. ನಂಬರ್‌ಗೆ ಫೋನ್ ಮಾಡಿದರೆ ಆ ಕಡೆಯವನು 2 ಲಕ್ಷ ಬುಕಿಂಗ್ ಅಡ್ವಾನ್ಸ್ ಕೇಳಿದ್ದಾನೆ, ಉಳಿದ 30 ಲಕ್ಷ ಆಮೇಲಂತೆ. ಊರಲ್ಲಿರೋ ಅಡಿಕೆ ತೋಟಕ್ಕೆ ಗಿರಾಕಿ ಹುಡುಕೋಕೆ ಶುರು ಮಾಡಿದ್ದಾರೆ.

ನಾನು ಡಾಕ್ಟರ್ ಅಲ್ಲ. ಬಿಎಸ್ಸಿ ಎರಡನೇ ವರ್ಷಕ್ಕೇ ಕಾಲೇಜ್ ಬಿಟ್ಟವನು. ಆದರೆ ತೋಟ ಮಾರೋ ವಿಷಯ ಬಂದಾಗ ಗೊತ್ತಿಲ್ಲ ಅಂತ ಎದ್ದು ಬರೋಕಾಗಲ್ಲ. ನಾಲ್ಕು ದಿನ ಕೂತು ಓದಿದೆ, ಅರ್ಥ ಆಗದೇ ಇದ್ದದ್ದನ್ನ ತಿಳಿದವರ ಹತ್ರ ಕೇಳಿದೆ. ಗೊತ್ತಾಗಿದ್ದನ್ನ ಇಲ್ಲಿ ಬರೀತಿದ್ದೀನಿ.

ಫೋಟೋ ನಿಜ, ಸಾಲು ಸುಳ್ಳು

ಹೌದು, ಆ ಫೋಟೋ ನಿಜವಾದ ಕಾರ್ಯಕ್ರಮದ್ದೇ. 2024ರ ಏಪ್ರಿಲ್ 4ರಂದು ಐಐಟಿ ಬಾಂಬೆಯಲ್ಲಿ ರಾಷ್ಟ್ರಪತಿಗಳು ‘ನೆಕ್ಸ್‌ಕಾರ್19’ ಅನ್ನೋ ಚಿಕಿತ್ಸೆಯನ್ನ ದೇಶಕ್ಕೆ ಅರ್ಪಿಸಿದರು. ಐಐಟಿ ಬಾಂಬೆ, ಮುಂಬೈನ ಟಾಟಾ ಮೆಮೋರಿಯಲ್ ಮತ್ತು ಇಮ್ಯುನೋಆಕ್ಟ್ ಕಂಪನಿ ಸೇರಿ ಮಾಡಿದ್ದು ಅದು. 2023ರ ಅಕ್ಟೋಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು.

ಬೆಂಗಳೂರಿನ ಮಾತೂ ಪೂರ್ತಿ ಸುಳ್ಳಲ್ಲ. ಬೆಂಗಳೂರಿನದೇ ಇಮ್ಯುನೀಲ್ ಅನ್ನೋ ಕಂಪನಿ 2025ರ ಜನವರಿಯಲ್ಲಿ ‘ಕಾರ್ಟೆಮಿ’ ಅನ್ನೋ ಹೆಸರಲ್ಲಿ ಇದೇ ಥರದ ಚಿಕಿತ್ಸೆ ಹೊರತಂದಿದೆ. ಕಿರಣ್ ಮಜುಂದಾರ್ ಷಾ ಅವರು ಈ ಕಂಪನಿ ಕಟ್ಟಿದವರಲ್ಲಿ ಒಬ್ಬರು.

ಸುಳ್ಳು ಇರೋದು ‘ಎಲ್ಲಾ ಕ್ಯಾನ್ಸರ್’ ಅನ್ನೋ ಎರಡು ಪದದಲ್ಲಿ. ನೆಕ್ಸ್‌ಕಾರ್19 ಇರೋದು ಬಿ-ಸೆಲ್ ಅನ್ನೋ ಬಿಳಿ ರಕ್ತಕಣದಲ್ಲಿ ಹುಟ್ಟೋ ಕೆಲವು ರಕ್ತದ ಕ್ಯಾನ್ಸರ್ ಮತ್ತು ಲಿಂಫೋಮಾಗಳಿಗೆ. ಅದೂ ಬೇರೆ ಚಿಕಿತ್ಸೆ ಕೈಕೊಟ್ಟವರಿಗೆ ಅಥವಾ ಕಾಯಿಲೆ ಮರುಕಳಿಸಿದವರಿಗೆ. ಕಾರ್ಟೆಮಿ ಕೂಡ ದೊಡ್ಡವರಿಗೆ ಬರೋ ಬಿ-ಸೆಲ್ ಲಿಂಫೋಮಾಗೆ. ಬಾಯಿ, ಸ್ತನ, ಗರ್ಭಕಂಠ, ಹೊಟ್ಟೆ, ಶ್ವಾಸಕೋಶದ ಕ್ಯಾನ್ಸರ್‌ಗೆ ಈ ಎರಡೂ ಅಲ್ಲವೇ ಅಲ್ಲ.

ಏನಿದು ಕಾರ್ ಟಿ-ಸೆಲ್?

ನಮ್ಮ ರಕ್ತದಲ್ಲಿ ಟಿ-ಸೆಲ್ ಅನ್ನೋ ಬಿಳಿ ರಕ್ತಕಣಗಳಿವೆ. ಮೈಗೆ ಹೊರಗಿನದು ಏನಾದರೂ ನುಗ್ಗಿದರೆ ಹುಡುಕಿ ಕೊಲ್ಲೋದು ಇವುಗಳ ಕೆಲಸ. ತೊಂದರೆ ಏನಪ್ಪಾ ಅಂದ್ರೆ, ಕ್ಯಾನ್ಸರ್ ಹೊರಗಿನಿಂದ ಬಂದಿದ್ದಲ್ಲ. ನಮ್ಮದೇ ಜೀವಕೋಶ ಕೆಟ್ಟು ನಿಂತಿದ್ದು. ಹಾಗಾಗಿ ಟಿ-ಸೆಲ್‌ಗಳಿಗೆ ಅದರ ಗುರುತು ಸುಲಭಕ್ಕೆ ಸಿಗಲ್ಲ.

ವಿಜ್ಞಾನಿಗಳು ಏನು ಮಾಡ್ತಾರೆ ಅಂದ್ರೆ, ರೋಗಿಯ ರಕ್ತದಿಂದ ಟಿ-ಸೆಲ್ ತೆಗೆದು ಲ್ಯಾಬ್‌ಗೆ ಒಯ್ದು, ಅಪಾಯವಿಲ್ಲದಂತೆ ಮಾಡಿದ ವೈರಸ್ ಒಂದರ ಮೂಲಕ ಅವುಗಳೊಳಗೆ ಹೊಸ ಜೀನ್ ಸೇರಿಸ್ತಾರೆ. ಆ ಜೀನ್‌ನಿಂದ ಟಿ-ಸೆಲ್ ಮೈಮೇಲೆ ಒಂದು ಹೊಸ ಕೊಕ್ಕೆ ಬೆಳೆಯುತ್ತೆ. ಆ ಕೊಕ್ಕೆಯ ಹೆಸರೇ ‘ಕಾರ್’. ಕ್ಯಾನ್ಸರ್ ಕೋಶದ ಮೇಲಿರೋ ಒಂದು ಗುರುತಿಗೆ ಮಾತ್ರ ಅದು ಸಿಕ್ಕಿಕೊಳ್ಳುತ್ತೆ. ಹೀಗೆ ತಯಾರಾದ ಕಣಗಳನ್ನ ಕೋಟಿಗಟ್ಟಲೆ ಬೆಳೆಸಿ, ರೋಗಿಗೆ ಕೆಲ ದಿನ ಕಿಮೋ ಕೊಟ್ಟು, ಆಮೇಲೆ ಡ್ರಿಪ್ ಮೂಲಕ ಮೈಗೆ ಬಿಡ್ತಾರೆ.

ಅಂದ್ರೆ ಇದು ಮೆಡಿಕಲ್ ಶಾಪ್‌ನಲ್ಲಿ ಸಿಗೋ ಇಂಜೆಕ್ಷನ್ ಅಲ್ಲ. ಒಬ್ಬೊಬ್ಬ ರೋಗಿಗೂ ಅವರದೇ ರಕ್ತದಿಂದ ವಾರಗಟ್ಟಲೆ ಕೂತು ಮಾಡಬೇಕು. ಕೊಟ್ಟ ಮೇಲೆ ಜ್ವರ ಏರಿ, ಬಿಪಿ ಇಳಿದು ಐಸಿಯುಗೆ ಹಾಕೋ ಪರಿಸ್ಥಿತಿಯೂ ಬರಬಹುದು. ಫೋನ್‌ನಲ್ಲಿ ಬುಕ್ ಮಾಡೋ ಸಾಮಾನೇ ಅಲ್ಲ ಇದು.

ಆದರೂ ರಕ್ತದ ಕ್ಯಾನ್ಸರ್‌ನಲ್ಲಿ ಇದು ಮಾಡಿದ ಕೆಲಸ ದೊಡ್ಡದು. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಅನ್ನೋ ಪುಟ್ಟ ಹುಡುಗಿಗೆ ಬೇರೆ ದಾರಿಯೇ ಇಲ್ಲ ಅನ್ನೋ ಸ್ಥಿತಿಯಲ್ಲಿ ಇದನ್ನ ಕೊಟ್ಟರು. ಆಕೆ ಗುಣವಾಗಿ ಬೆಳೆದು ಕಾಲೇಜಿಗೂ ಹೋದಳು. ನಮ್ಮ ನೆಕ್ಸ್‌ಕಾರ್19ರ ಫಲಿತಾಂಶ 2025ರಲ್ಲಿ ಲ್ಯಾನ್ಸೆಟ್ ಹೆಮಟಾಲಜಿ ಪತ್ರಿಕೆಯಲ್ಲಿ ಬಂತು. ಲೆಕ್ಕಕ್ಕೆ ಸಿಕ್ಕ 51 ರೋಗಿಗಳಲ್ಲಿ ಶೇ. 73 ಮಂದಿಗೆ ಕಾಯಿಲೆ ಕಡಿಮೆ ಆಯಿತು ಅಥವಾ ಕಾಣದಂತಾಯಿತು.

ರಕ್ತದಲ್ಲಿ ಗೆದ್ದದ್ದು ಗಡ್ಡೆ ಮುಂದೆ ಯಾಕೆ ನಿಲ್ಲುತ್ತೆ?

ಅಂಗಡಿ ಅಣ್ಣ ಕೇಳಿದ್ದೂ ಇದನ್ನೇ. ‘ಅದೂ ಕ್ಯಾನ್ಸರ್, ಇದೂ ಕ್ಯಾನ್ಸರ್. ಅಲ್ಲಿ ಆಗೋದು ಇಲ್ಲಿ ಯಾಕಾಗಲ್ಲ?’

ಮೊದಲನೇದು, ಗುರುತಿನ ಸಮಸ್ಯೆ. ಬಿ-ಸೆಲ್ ಕ್ಯಾನ್ಸರ್‌ನ ಕೋಶಗಳ ಮೇಲೆ ‘ಸಿಡಿ19’ ಅನ್ನೋ ಗುರುತಿದೆ. ಒಳ್ಳೆಯ ಬಿ-ಸೆಲ್ ಮೇಲೂ ಅದೇ ಇದೆ. ಚಿಕಿತ್ಸೆಯಲ್ಲಿ ಒಳ್ಳೆಯದು ಕೆಟ್ಟದ್ದು ಎರಡೂ ಸಾಯುತ್ತೆ. ಆದರೆ ಬಿ-ಸೆಲ್ ಇಲ್ಲದೆಯೂ ಮನುಷ್ಯ ಬದುಕಬಹುದು, ಬೇಕಾದರೆ ಆ್ಯಂಟಿಬಾಡಿ ಹೊರಗಿನಿಂದ ಕೊಡಬಹುದು. ಗಡ್ಡೆಯ ವಿಷಯ ಹಾಗಲ್ಲ. ಗಡ್ಡೆ ಮೇಲಿರೋ ಗುರುತು ಶ್ವಾಸಕೋಶದ ಮೇಲೂ ಇದ್ದರೆ? ಶ್ವಾಸಕೋಶ ಇಲ್ಲದೆ ಬದುಕೋಕಾಗುತ್ತಾ?

ಇದು ಬರೀ ಊಹೆಯಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಹರಡಿದ್ದ ಮಹಿಳೆಯೊಬ್ಬರಿಗೆ ‘ಹರ್2’ ಅನ್ನೋ ಗುರುತು ಹಿಡಿಯೋ ಟಿ-ಸೆಲ್ ಕೊಟ್ಟರು. ಕೊಟ್ಟ ಕಾಲು ಗಂಟೆಯಲ್ಲೇ ಅವರಿಗೆ ಉಸಿರಾಟದ ತೊಂದರೆ ಶುರುವಾಯಿತು. 5 ದಿನಕ್ಕೆ ತೀರಿಕೊಂಡರು. ಶ್ವಾಸಕೋಶದ ಕೋಶಗಳ ಮೇಲೂ ಅದೇ ಗುರುತು ಸ್ವಲ್ಪ ಪ್ರಮಾಣದಲ್ಲಿದ್ದು, ಟಿ-ಸೆಲ್‌ಗಳು ಅಲ್ಲಿಗೇ ದಾಳಿ ಮಾಡಿರಬೇಕು ಅಂತ ಸಂಶೋಧಕರು 2010ರಲ್ಲಿ ವರದಿ ಬರೆದರು. ಆಮೇಲೆ ಇಡೀ ಪ್ರಪಂಚದಲ್ಲಿ ಈ ಕೆಲಸ ಮಾಡೋರು ಎಚ್ಚರಿಕೆಯಿಂದಲೇ ಹೆಜ್ಜೆ ಇಡ್ತಿದ್ದಾರೆ.

ಎರಡನೇದು, ಒಳಗೆ ಹೋಗೋದೇ ಕಷ್ಟ. ರಕ್ತದ ಕ್ಯಾನ್ಸರ್ ಕೋಶಗಳು ಸಂತೆಯಲ್ಲಿ ಓಡಾಡೋ ಜನರ ಹಾಗೆ, ಟಿ-ಸೆಲ್‌ಗಳ ಎದುರಿಗೇ ಸಿಗ್ತಾವೆ. ಗಡ್ಡೆ ಹಾಗಲ್ಲ, ಅದು ಪಕ್ಕದ ಚಿತ್ರದುರ್ಗದ ಏಳು ಸುತ್ತಿನ ಕೋಟೆ ಇದ್ದ ಹಾಗೆ. ಸುತ್ತ ಗಟ್ಟಿ ನಾರಿನ ಪದರ, ಸೊಟ್ಟಪಟ್ಟ ರಕ್ತನಾಳ. ರಕ್ತಕ್ಕೆ ಬಿಟ್ಟ ಟಿ-ಸೆಲ್‌ಗಳಲ್ಲಿ ಒಳಗೆ ತಲುಪೋದು ಸ್ವಲ್ಪವೇ.

ಮೂರನೇದು, ಒಳಗೆ ಹೋದರೂ ಕೆಲಸ ಮಾಡೋಕೆ ಬಿಡಲ್ಲ. ಗಡ್ಡೆಯೊಳಗೆ ಆಮ್ಲಜನಕ ಕಡಿಮೆ, ಸಕ್ಕರೆ ಅಂಶವನ್ನ ಕ್ಯಾನ್ಸರ್ ಕೋಶಗಳೇ ತಿಂದು ಮುಗಿಸಿರುತ್ತವೆ. ಮೇಲಿಂದ ‘ನಿಲ್ಲು’ ಅನ್ನೋ ರಾಸಾಯನಿಕ ಸಂಕೇತ ಬೇರೆ ಕಳಿಸ್ತಾವೆ. ಟಿ-ಸೆಲ್ ಸುಸ್ತಾಗಿ ಕೂತುಬಿಡುತ್ತೆ.

ನಾಲ್ಕನೇದು, ಒಂದೇ ಗಡ್ಡೆಯ ಎಲ್ಲಾ ಕೋಶಗಳ ಮೇಲೂ ಒಂದೇ ಗುರುತು ಇರಲ್ಲ. ಗುರುತು ಇರೋವು ಸತ್ತರೆ, ಇಲ್ಲದೇ ಇರೋವು ಉಳಿದು ಮತ್ತೆ ಬೆಳೀತಾವೆ.

ಹಂಗಾದ್ರೆ ಗಡ್ಡೆಗೆ ಏನೂ ಆಗಿಲ್ವಾ?

ಆಗಿದೆ. ಆಗಿಲ್ಲ ಅಂದ್ರೆ ಅದೂ ಸುಳ್ಳಾಗುತ್ತೆ.

2024ರ ಫೆಬ್ರವರಿಯಲ್ಲಿ ಅಮೆರಿಕ ‘ಲಿಫಿಲ್ಯೂಸೆಲ್’ ಅನ್ನೋದಕ್ಕೆ ಒಪ್ಪಿಗೆ ಕೊಟ್ಟಿತು. ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್‌ಗೆ ಇದು. ಇದರಲ್ಲಿ ಜೀನ್ ಬದಲಾಯಿಸಲ್ಲ. ರೋಗಿಯ ಗಡ್ಡೆಯ ತುಂಡು ತೆಗೆದು, ಅದರೊಳಗೆ ಆಗಲೇ ನುಗ್ಗಿದ್ದ ಟಿ-ಸೆಲ್‌ಗಳನ್ನೇ ಲ್ಯಾಬ್‌ನಲ್ಲಿ ಬೆಳೆಸಿ ವಾಪಸ್ ಕೊಡ್ತಾರೆ. 73 ರೋಗಿಗಳಲ್ಲಿ ಶೇ. 31.5 ಮಂದಿಯ ಗಡ್ಡೆ ಕುಗ್ಗಿತು.

ಅದೇ ವರ್ಷ ಆಗಸ್ಟ್‌ನಲ್ಲಿ ‘ಟೆಸೆಲ್ರಾ’ ಬಂತು. ಗಡ್ಡೆ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ, ಜೀನ್ ಬದಲಾಯಿಸಿದ ಮೊದಲ ಟಿ-ಸೆಲ್ ಚಿಕಿತ್ಸೆ ಇದೇ. ಸೈನೋವಿಯಲ್ ಸಾರ್ಕೋಮಾ ಅನ್ನೋ ಬಹಳ ಅಪರೂಪದ ಕ್ಯಾನ್ಸರ್‌ಗೆ. 44 ರೋಗಿಗಳಲ್ಲಿ ಸುಮಾರು ಶೇ. 43 ಮಂದಿಗೆ ಗಡ್ಡೆ ಕುಗ್ಗಿತು. ಅದೂ ಒಂದು ನಿರ್ದಿಷ್ಟ ಟಿಶ್ಯೂ ಗುಂಪು ಇರೋರಿಗೆ ಮಾತ್ರ ಕೊಡೋಕಾಗುತ್ತೆ.

ಮಕ್ಕಳಿಗೆ ಬರೋ ನ್ಯೂರೋಬ್ಲಾಸ್ಟೋಮಾ ಅನ್ನೋ ನರದ ಗಡ್ಡೆಯಲ್ಲಿ ಸುದ್ದಿ ಇನ್ನೂ ಚೆನ್ನಾಗಿದೆ. ಇಟಲಿಯ ರೋಮ್‌ನಲ್ಲಿ 27 ಮಕ್ಕಳಿಗೆ ಕೊಟ್ಟಾಗ 17 ಮಕ್ಕಳಲ್ಲಿ ಗಡ್ಡೆ ಕುಗ್ಗಿತು ಅಂತ 2023ರಲ್ಲಿ ವರದಿಯಾಯಿತು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಇದಕ್ಕೂ ತುಂಬಾ ಮುಂಚೆ 19 ಮಕ್ಕಳಿಗೆ ಕೊಟ್ಟಿದ್ದರು. ಅವರಲ್ಲಿ ಒಬ್ಬಾಕೆ, ಕೊಡುವಾಗ ಕಾಯಿಲೆ ಮೈಯಲ್ಲಿದ್ದವಳು, 18 ವರ್ಷ ದಾಟಿದರೂ ಕ್ಯಾನ್ಸರ್ ಇಲ್ಲದೆ ಇದ್ದಾಳೆ, ಮಕ್ಕಳನ್ನೂ ಹೆತ್ತಿದ್ದಾಳೆ ಅಂತ 2025ರಲ್ಲಿ ಪ್ರಕಟವಾಯಿತು. ಆದರೆ ಆ 19ರಲ್ಲಿ ಹೆಚ್ಚಿನ ಮಕ್ಕಳು ಅದೇ ಕಾಯಿಲೆಯಿಂದ ತೀರಿಹೋದರು ಅನ್ನೋದನ್ನೂ ಅದೇ ವರದಿ ಹೇಳುತ್ತೆ.

ಎಲ್ಲಕ್ಕಿಂತ ಮುಖ್ಯವಾಗಿದ್ದು ಚೀನಾದ ಪರೀಕ್ಷೆ. ಹೊಟ್ಟೆ ಕ್ಯಾನ್ಸರ್‌ನ 156 ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ‘ಸಾಟ್ರಿ-ಸೆಲ್’ ಅನ್ನೋ ಕಾರ್ ಟಿ-ಸೆಲ್, ಇನ್ನೊಂದಕ್ಕೆ ಈಗಿರೋ ಔಷಧಿ ಅಂತ ನಿಗದಿ ಮಾಡಿದರು. ಗಡ್ಡೆ ಕ್ಯಾನ್ಸರ್‌ನಲ್ಲಿ ಕಾರ್ ಟಿ-ಸೆಲ್ ಅನ್ನ ಹೀಗೆ ಎದುರುಬದುರು ಇಟ್ಟು ನೋಡಿದ್ದು ಇದೇ ಮೊದಲು. 2025ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶ ಹೀಗಿದೆ: ಕಾಯಿಲೆ ಹೆಚ್ಚಾಗದೆ ನಿಂತದ್ದು ಹಳೇ ಔಷಧಿಯಲ್ಲಿ 1.77 ತಿಂಗಳು, ಹೊಸದರಲ್ಲಿ 3.25 ತಿಂಗಳು. ಬದುಕಿದ್ದು ಹಳೇದರಲ್ಲಿ 5.49 ತಿಂಗಳು, ಹೊಸದರಲ್ಲಿ 7.92 ತಿಂಗಳು. ಚಿಕಿತ್ಸೆ ಪಡೆದ ಬಹುತೇಕ ಎಲ್ಲರಿಗೂ ಗಂಭೀರ ಅಡ್ಡ ಪರಿಣಾಮ ಆಯಿತು.

ಇದನ್ನ ಎರಡು ಥರ ಓದಬಹುದು. ಎಲ್ಲಾ ಔಷಧಿ ಮುಗಿದ ರೋಗಿಗಳಲ್ಲಿ ಗಡ್ಡೆಯನ್ನ ಟಿ-ಸೆಲ್ ತಡೆಯಬಲ್ಲದು ಅಂತ ಗೊತ್ತಾಯಿತು, ವಿಜ್ಞಾನಿಗಳಿಗೆ ಇದು ದೊಡ್ಡ ಸುದ್ದಿ. ಆದರೆ ರೋಗಿಯ ಮನೆಯವರಿಗೆ ಸಿಕ್ಕಿದ್ದು ಸುಮಾರು ಎರಡೂವರೆ ತಿಂಗಳು. ‘ಮಾಯ’ ಅನ್ನೋ ಪದ ಇಲ್ಲಿ ಎಲ್ಲೂ ಇಲ್ಲ.

ಲ್ಯಾಬ್‌ನಲ್ಲಿ ಇಲಿ ಮೇಲೆ ಗೆದ್ದಿದ್ದನ್ನ ಮನುಷ್ಯನ ಹಾಸಿಗೆವರೆಗೆ ತರೋ ಕೆಲಸವನ್ನ ‘ಟ್ರಾನ್ಸ್‌ಲೇಷನಲ್ ರಿಸರ್ಚ್’ ಅಂತಾರೆ. ಮೊದಲು ಕೆಲವೇ ರೋಗಿಗಳು, ಆಮೇಲೆ ಹತ್ತಾರು, ಆಮೇಲೆ ನೂರಾರು ಅಂತ ಹೆಜ್ಜೆ ಹೆಜ್ಜೆಯಾಗಿ ಹೋಗಬೇಕು. ಒಂದೊಂದು ಹೆಜ್ಜೆಗೂ ವರ್ಷಗಳು. ಈಗ ಎರಡು ಗುರುತು ಒಟ್ಟಿಗೆ ಇದ್ದರೆ ಮಾತ್ರ ದಾಳಿ ಮಾಡೋ ಟಿ-ಸೆಲ್, ರಕ್ತಕ್ಕೆ ಬಿಡದೆ ನೇರವಾಗಿ ಗಡ್ಡೆ ಇರೋ ಜಾಗಕ್ಕೇ ಕೊಡೋದು, ಸುಸ್ತಾಗದ ಹಾಗೆ ಜೀನ್ ತಿದ್ದೋದು, ಇವೆಲ್ಲ ಪರೀಕ್ಷೆಯಲ್ಲಿವೆ. ಮುಂದೆ ಗೆಲ್ಲಬಹುದು. ಆದರೆ ಇವತ್ತು ಬಾಯಿ ಕ್ಯಾನ್ಸರ್ ಇರೋರಿಗೆ ಕೊಡೋ, ಒಪ್ಪಿಗೆ ಸಿಕ್ಕ ಕಾರ್ ಟಿ-ಸೆಲ್ ಇಲ್ಲ.

ದುಡ್ಡಿನ ಲೆಕ್ಕ

ಅಂಗಡಿ ನಡೆಸೋರಿಗೆ ಲೆಕ್ಕ ಬೇಗ ಅರ್ಥ ಆಗುತ್ತೆ, ಅದನ್ನೂ ಹೇಳಿಬಿಡ್ತೀನಿ. 2024ರಲ್ಲಿ ಬಿಡುಗಡೆ ಆದಾಗ ಅಮೆರಿಕದಲ್ಲಿ ಲಿಫಿಲ್ಯೂಸೆಲ್‌ನ ಬೆಲೆ 5,15,000 ಡಾಲರ್ ಇತ್ತು, ನಮ್ಮ ದುಡ್ಡಲ್ಲಿ 4 ಕೋಟಿಗೂ ಹೆಚ್ಚು. ಟೆಸೆಲ್ರಾ ಅದೇ ವರ್ಷ ಬಂದಾಗ 7,27,000 ಡಾಲರ್ ಇತ್ತು, ಅಂದ್ರೆ ಆಗ ಸುಮಾರು 6 ಕೋಟಿ. ಇಷ್ಟು ಬೆಲೆ ಇಟ್ಟರೂ ಟೆಸೆಲ್ರಾ ತಂದ ಕಂಪನಿಗೆ ಲೆಕ್ಕ ಕೂಡಲಿಲ್ಲ, 2025ರಲ್ಲಿ ಅದನ್ನ ಬೇರೆ ಕಂಪನಿಗೆ ಮಾರಿತು.

ಇದಕ್ಕೆ ಹೋಲಿಸಿದರೆ ನೆಕ್ಸ್‌ಕಾರ್19 ಅಗ್ಗ. ಬಿಡುಗಡೆ ಹೊತ್ತಲ್ಲಿ ಸುಮಾರು 30ರಿಂದ 40 ಲಕ್ಷ ಅಂತ ವರದಿಯಾಗಿತ್ತು. ಅಮೆರಿಕದ ಬೆಲೆಯ ಹತ್ತನೇ ಒಂದು ಭಾಗ. ಆದರೆ ನಮ್ಮ ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಇರೋ ಮಿತಿ ವರ್ಷಕ್ಕೆ 5 ಲಕ್ಷ. ಎಲ್ಲಿಯ 5, ಎಲ್ಲಿಯ 35? ಆ ನಡುವಿನ ಸಂದಿಯಲ್ಲೇ ಈ ಫೋನ್ ನಂಬರ್‌ನವರು ನಿಂತಿರೋದು. ಆ 30 ಲಕ್ಷ ಅನ್ನೋ ಅಂಕಿಯನ್ನೂ ಇವರು ನಿಜವಾದ ಚಿಕಿತ್ಸೆಯಿಂದಲೇ ಎತ್ತಿಕೊಂಡಿರೋ ಹಾಗಿದೆ.

ಫೋನ್ ಮಾಡೋರನ್ನ ಈ ನಾಲ್ಕು ಪ್ರಶ್ನೆ ಕೇಳಿ

ಒಂದು, ನಮಗಿರೋ ಕ್ಯಾನ್ಸರ್‌ಗೇ ಇದಕ್ಕೆ ಸರ್ಕಾರದ ಒಪ್ಪಿಗೆ ಇದೆಯಾ? ‘ಕ್ಯಾನ್ಸರ್‌ಗೆ ಇದೆ’ ಅನ್ನೋ ಉತ್ತರ ಸಾಲದು. ಬಾಯಿಗೆ ಇದೆಯಾ, ಸ್ತನಕ್ಕೆ ಇದೆಯಾ ಅಂತ ಕೇಳಿ.

ಎರಡು, ಟ್ರಯಲ್ ಅಂತ ಹೇಳಿದರೆ ಸಿಟಿಆರ್‌ಐ ನೋಂದಣಿ ನಂಬರ್ ಕೊಡಿ ಅನ್ನಿ. ನಮ್ಮ ದೇಶದಲ್ಲಿ ಮನುಷ್ಯರ ಮೇಲೆ ನಡೆಯೋ ಔಷಧಿ ಪರೀಕ್ಷೆಗಳನ್ನ ಐಸಿಎಂಆರ್ ನಡೆಸೋ ಆ ವೆಬ್‌ಸೈಟ್‌ನಲ್ಲಿ ನೋಂದಾಯಿಸಲೇಬೇಕು. 2009ರಿಂದ ಇದು ಕಡ್ಡಾಯ. ನಂಬರ್ ಹಾಕಿದರೆ ಯಾವ ಆಸ್ಪತ್ರೆ, ಯಾವ ಕಾಯಿಲೆ ಅಂತ ಮೊಬೈಲ್‌ನಲ್ಲೇ ಕಾಣುತ್ತೆ.

ಮೂರು, ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡ್ತೀರಾ? ರೋಗಿಗೆ ಅರ್ಥ ಆಗೋ ಭಾಷೆಯಲ್ಲಿ ವಿವರಿಸಿ ಸಹಿ ತಗೋಬೇಕು ಅನ್ನೋದು ನಿಯಮ. ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು ಅಂತಲೂ 2019ರ ನಿಯಮದಲ್ಲಿದೆ.

ನಾಲ್ಕು, ದುಡ್ಡು ಯಾರ ಅಕೌಂಟಿಗೆ? ಆಸ್ಪತ್ರೆಯ ಕೌಂಟರ್‌ನಲ್ಲಿ ರಸೀದಿ ಕೊಡೋದು ಬಿಟ್ಟು, ಯಾರದೋ ಹೆಸರಿನ ನಂಬರ್‌ಗೆ ಫೋನ್‌ಪೇ ಮಾಡಿ ಅಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ.

ನಾನು ಅಂಗಡಿ ಅಣ್ಣನ ಎದುರಿಗೇ ಆ ನಂಬರ್‌ಗೆ ಫೋನ್ ಮಾಡಿ ಸಿಟಿಆರ್‌ಐ ನಂಬರ್ ಕೇಳಿದೆ. ‘ನೀವ್ಯಾರು, ಪೇಷಂಟ್ ಕಡೆಯವರಾ?’ ಅಂದ. ಹೌದು ಅಂದೆ. ‘ಅಡ್ವಾನ್ಸ್ ಆದ ಮೇಲೆ ಎಲ್ಲಾ ಡಾಕ್ಯುಮೆಂಟ್ ಬರುತ್ತೆ’ ಅಂತ ಹೇಳಿ ಕಟ್ ಮಾಡಿದ. ಆಮೇಲೆ ಎತ್ತಲಿಲ್ಲ.

ತಡ ಮಾಡಿದರೆ ಏನಾಗುತ್ತೆ?

ನನ್ನ ಪ್ರಕಾರ ಈ ಮೆಸೇಜ್‌ನಿಂದ ಆಗೋ ದೊಡ್ಡ ನಷ್ಟ 2 ಲಕ್ಷ ಅಲ್ಲ, ಕಳೆದುಹೋದ ಐದು ವಾರ. ಸುಮಾರು 12.7 ಲಕ್ಷ ರೋಗಿಗಳ ಮಾಹಿತಿ ಒಟ್ಟು ಮಾಡಿದ ಅಧ್ಯಯನವೊಂದು 2020ರಲ್ಲಿ ಬ್ರಿಟನ್‌ನ ಬಿಎಂಜೆ ಪತ್ರಿಕೆಯಲ್ಲಿ ಬಂದಿದೆ. ಆಪರೇಷನ್ 4 ವಾರ ತಡವಾದರೆ ಸಾವಿನ ಅಪಾಯ ಶೇ. 6ರಿಂದ 8ರಷ್ಟು ಹೆಚ್ಚಾಗುತ್ತೆ ಅಂತ ಅದು ಹೇಳುತ್ತೆ. ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಕೂಡ ಆ ಅಧ್ಯಯನದಲ್ಲಿತ್ತು. ತಡ ಆದಷ್ಟೂ ಅಪಾಯ ಏರ್ತಾನೇ ಹೋಗುತ್ತೆ.

2022ರ ಅಂತಾರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷ ಹೊಸದಾಗಿ ಸುಮಾರು 14 ಲಕ್ಷ ಜನರಿಗೆ ಕ್ಯಾನ್ಸರ್ ಬಂದಿದೆ. ಗಂಡಸರಲ್ಲಿ ಮೊದಲ ಸ್ಥಾನ ಬಾಯಿ ಕ್ಯಾನ್ಸರ್‌ಗೆ, ಹೆಂಗಸರಲ್ಲಿ ಸ್ತನ ಕ್ಯಾನ್ಸರ್‌ಗೆ. ಎರಡೂ ಗಡ್ಡೆಯವೇ. ಎರಡನ್ನೂ ಬೇಗ ಹಿಡಿದರೆ ಆಪರೇಷನ್, ರೇಡಿಯೇಷನ್, ಕಿಮೋದಿಂದಲೇ ವಾಸಿ ಆಗೋ ಸಾಧ್ಯತೆ ಹೆಚ್ಚು.

ಎರಡು ಮೂರು ವಾರ ಆದರೂ ಮಾಯದ ಬಾಯಿ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆಗೆಯೋಕೆ ಆಗದೇ ಇರೋದು, ಸ್ತನದಲ್ಲಿ ಗಂಟು, ಇವು ಕಂಡರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಮಾಡೋ ಸರ್ಕಾರಿ ಕಾರ್ಯಕ್ರಮವೇ ಇದೆ. ದೊಡ್ಡ ಚಿಕಿತ್ಸೆ ಬೇಕಾದರೆ ಬೆಂಗಳೂರಿನಲ್ಲಿ ಸರ್ಕಾರದ್ದೇ ಕಿದ್ವಾಯಿ ಸಂಸ್ಥೆ ಇದೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಮರೀಬೇಡಿ.

ಅಂಗಡಿಯವರಿಗೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. 2013ರಲ್ಲೇ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಗಿದೆ. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಎರಡೂ ಒಂದೇ ಸರದಲ್ಲಿ ನೇತಾಡ್ತಾವೆ. ಅಡಿಕೆ ಬಗ್ಗೆ ವಾದ ನಡೀತಿದೆ, ನಮ್ಮದು ಅಡಿಕೆ ತಾಲ್ಲೂಕು, ಅದು ನನಗೂ ಗೊತ್ತು. ತಂಬಾಕಿನ ಬಗ್ಗೆ ಯಾವ ವಾದವೂ ಇಲ್ಲ. ಕೊನೇಪಕ್ಷ ಸ್ಕೂಲ್ ಹುಡುಗರ ಕೈಗೆ ಆ ಸರದಿಂದ ಹರಿದು ಕೊಡಬೇಡಿ.

ಈ ಸುದ್ದಿ ಬರೆಯೋ ಹೊತ್ತಿಗೆ ಅಂಗಡಿ ಅಣ್ಣ ಫೋನ್ ಮಾಡಿದ್ದರು. ತೋಟದ ಮಾತು ನಿಲ್ಲಿಸಿದ್ದಾರೆ. ಆಪರೇಷನ್‌ಗೆ ಮತ್ತೆ ಡೇಟ್ ಸಿಕ್ಕಿದೆ, ಆದರೆ ಅದಕ್ಕಿಂತ ಮುಂಚೆ ಹೊಸದಾಗಿ ಸ್ಕ್ಯಾನ್ ಮಾಡಿಸಬೇಕಂತೆ, ಗಡ್ಡೆ ಎಷ್ಟು ಬೆಳೆದಿದೆ ನೋಡೋಕೆ. ‘ಮೊದಲೇ ಕೇಳಬೇಕಿತ್ತು ತಮ್ಮಾ’ ಅಂದರು.

ನಿಮ್ಮ ಗ್ರೂಪ್‌ಗೂ ಆ ಮೆಸೇಜ್ ಬಂದಿದ್ದರೆ ಮುಂದಕ್ಕೆ ಕಳಿಸಬೇಡಿ. ನಿಮ್ಮ ಬೀದಿಯಲ್ಲಿ ಯಾರಾದರೂ ಆಪರೇಷನ್ ಮುಂದೂಡಿ ಕೂತಿದ್ದರೆ ಇವತ್ತೇ ಹೋಗಿ ಒಂದು ಮಾತು ಹೇಳಿ ಬನ್ನಿ.